ಪಾಲ್, ಹಾಲು, ಆಲು

ಕೊಡಗಿನ ಗೋಣಿಕೊಪ್ಪದ ಭಾನುವಾರದ ಸಂತೆಯಲ್ಲಿ ಒಣಮೀನು ಮಾರುವ ಹೆಂಗಸೊಬ್ಬರನ್ನು ನಾನು ಬಹಳ ದಿನ ಜಗಳಗಂಟಿ ಅಂದುಕೊಂಡಿದ್ದೆ. ರೇಟು ಕೇಳಿದರೆ ಒಂದೇ ಪದದ ಉತ್ತರ. ಚೌಕಾಸಿ ಮಾಡಿದರೆ ಅದೇ ಪದ, ಅದೇ ಧಾಟಿಯಲ್ಲಿ, ಇನ್ನೊಂದು ಸಲ. ಒಂದು ಜುಲೈನಲ್ಲಿ ಮಳೆ ಜಡಿದು ಹಿಡಿದು, ಅವರ ಟಾರ್ಪಾಲಿನ ಕೆಳಗೆ ಅರ್ಧ ಗಂಟೆ ನಿಲ್ಲಬೇಕಾಯಿತು. ಪಕ್ಕದ ಬೆಳ್ಳುಳ್ಳಿಯವನ ಜೊತೆ ಮಲಯಾಳದಲ್ಲಿ ಆಕೆಯದು ನಿಲ್ಲದ ಹರಟೆ. ಕೊಡೆ ಮಡಚುತ್ತ ಬಂದ ಅಜ್ಜಿಯೊಬ್ಬರೊಡನೆ ಕೊಡವ ತಕ್ಕ್‌ನಲ್ಲಿ ಏನೋ ತಮಾಷೆ. ಅಜ್ಜಿ ನಕ್ಕು ನಕ್ಕು ಕಣ್ಣೊರೆಸಿಕೊಂಡರು. ನನ್ನ ಕಡೆ ತಿರುಗಿದಾಗ ಮತ್ತೆ ಅದೇ: 'ನೂರಿಪ್ಪತ್ತು.'

ಆಕೆಯ ಹತ್ತಿರ ಇದ್ದ ಕನ್ನಡ ರೇಟು ಹೇಳುವಷ್ಟೇ. ಆ ನಾಲ್ಕು ಪದಗಳಿಂದ ನಾನು ಒಂದಿಡೀ ಸ್ವಭಾವ ಕಟ್ಟಿ ನಿಲ್ಲಿಸಿದ್ದೆ.

ಹೀಗೆ ಕಟ್ಟುವುದಕ್ಕೆ ನಮಗೆ ನಾಲ್ಕು ಪದವೂ ಬೇಕಿಲ್ಲ. ಸ್ಕಾಟ್‌ಲೆಂಡಿನ ಗ್ಲಾಸ್ಗೋ ವಿಶ್ವವಿದ್ಯಾಲಯದ ಫಿಲ್ ಮೆಕ್ಯಾಲಿರ್ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಪ್ರಯೋಗವೊಂದಿದೆ. 64 ಜನರ ಧ್ವನಿಮುದ್ರಣದಿಂದ 'ಹಲೋ' ಎಂಬ ಒಂದೇ ಪದ ಕತ್ತರಿಸಿ ತೆಗೆದು 320 ಜನರಿಗೆ ಕೇಳಿಸಿದರು. ಪದದ ಉದ್ದ ಅರ್ಧ ಸೆಕೆಂಡಿಗೂ ಕಡಿಮೆ. ಈ ಮನುಷ್ಯ ನಂಬಿಕಸ್ಥನೇ, ದರ್ಪದವನೇ, ಬೆರೆಯುವವನೇ ಎಂದು ಅಂಕ ಕೊಡಿ ಎಂದರು. ಕೇಳಿದವರು ಹಿಂದೆಮುಂದೆ ನೋಡದೆ ಕೊಟ್ಟರು. ವಿಶೇಷವೇನೆಂದರೆ ಒಬ್ಬರ ಅಂಕ ಇನ್ನೊಬ್ಬರ ಅಂಕಕ್ಕೆ ಬಹುಮಟ್ಟಿಗೆ ತಾಳೆಯಾಯಿತು. ಒಂದು ಧ್ವನಿ ಒಬ್ಬರಿಗೆ ನಂಬಿಕಸ್ಥ ಅನ್ನಿಸಿದರೆ ಉಳಿದವರಿಗೂ ಹಾಗೇ ಅನ್ನಿಸಿತು.

ಇಲ್ಲಿಗೆ ನಿಲ್ಲಿಸಿದರೆ 'ಧ್ವನಿಯೇ ಸ್ವಭಾವದ ಕನ್ನಡಿ' ಎಂದು ಶೀರ್ಷಿಕೆ ಹಾಕಬಹುದು. ಆದರೆ ಆ 64 ಜನ ನಿಜಜೀವನದಲ್ಲಿ ನಂಬಿಕಸ್ಥರೇ ಎಂಬುದನ್ನು ಆ ಪ್ರಯೋಗ ಅಳೆಯಲೇ ಇಲ್ಲ. ಅಳೆದದ್ದು ಕೇಳುವವರ ಕಿವಿಯನ್ನು. ಹತ್ತು ಜನರ ಕಿವಿ ಒಂದೇ ತರ ಕೇಳಿಸಿಕೊಂಡಿತು ಅಂದರೆ ಹತ್ತು ಜನರೂ ಒಂದೇ ತರ ತಪ್ಪಿರಬಹುದು ಎಂದೂ ಅರ್ಥ. ಗಂಟಲಿನ ಧ್ವನಿತಂತುಗಳು ಗಂಡಸರಲ್ಲಿ ಸೆಕೆಂಡಿಗೆ ಸುಮಾರು 120 ಬಾರಿ, ಹೆಂಗಸರಲ್ಲಿ ಸುಮಾರು 200 ಬಾರಿ ಕಂಪಿಸುತ್ತವೆ. ಹದಿಹರೆಯದ ಹಾರ್ಮೋನು ಈ ತಂತುಗಳನ್ನು ಎಷ್ಟು ಉದ್ದ ಮಾಡಿತು, ಎಷ್ಟು ದಪ್ಪ ಮಾಡಿತು ಎಂಬುದರ ಮೇಲೆ ಕಂಠ ದಪ್ಪವೋ ಸಣ್ಣದೋ ಆಗುತ್ತದೆ. ದಪ್ಪ ಕಂಠದವನು ಗತ್ತಿನವನು ಅನ್ನುವುದು ದೊಡ್ಡ ಕಿವಿಯವನು ಚೆನ್ನಾಗಿ ಕೇಳಿಸಿಕೊಳ್ಳುತ್ತಾನೆ ಅಂದ ಹಾಗೆ.

ಕೊಡಗಿನಲ್ಲಿ ಈ ವಿಚಾರ ಇನ್ನೂ ಸಿಕ್ಕುಸಿಕ್ಕು. ಪುಟ್ಟ ಜಿಲ್ಲೆ, 2011ರ ಜನಗಣತಿಯಂತೆ ಐದೂವರೆ ಲಕ್ಷ ಜನ. ಅಷ್ಟರಲ್ಲೇ ಕೊಡವ ತಕ್ಕ್, ಅರೆಭಾಷೆ, ಕನ್ನಡ, ಮಲಯಾಳ, ತುಳು, ತಮಿಳು, ಉರ್ದು, ಯರವರ ಮಾತು, ಕುರುಬರ ಮಾತು. ಈಗೀಗ ಕಾಫಿ ತೋಟದ ಲೈನ್‌ಮನೆಗಳಲ್ಲಿ ಅಸ್ಸಾಮಿನಿಂದ ಬಂದವರದು ಬೇರೆ. ಇಲ್ಲಿ 'ಅವನ ಮಾತು ಹೇಗೆ?' ಎಂದು ಕೇಳಿದರೆ ಮೊದಲು ಹೇಳಬೇಕಾದ್ದು 'ಯಾವ ಭಾಷೆಯಲ್ಲಿ?' ಎಂದು.

ಮೈಸೂರು ಕಡೆಯ ನನ್ನ ನೆಂಟರು ಮಡಿಕೇರಿಗೆ ಬಂದಾಗಲೆಲ್ಲ ಒಂದು ಮಾತು ಹೇಳುತ್ತಾರೆ: 'ಜನ ಒಳ್ಳೆಯವರೇ, ಮಾತು ಮಾತ್ರ ಸ್ವಲ್ಪ ಒರಟು.' ಈ ಒರಟು ಎಲ್ಲಿಂದ ಬರುತ್ತದೆ ನೋಡೋಣ. ಕನ್ನಡದ ಪದಗಳಿಗೆ ಕೊನೆಯಲ್ಲಿ ಸ್ವರವೊಂದನ್ನು ಹಚ್ಚಿ ಮುಗಿಸುವ ಅಭ್ಯಾಸ: ಕಾಲು, ಊರು, ಹೆಣ್ಣು. ಕೊಡವ ತಕ್ಕ್‌ನಲ್ಲಿ ಆ ಜಾಗದಲ್ಲಿ ಕೇಳಿಯೂ ಕೇಳದಂಥ ಗಿಡ್ಡ ಸ್ವರ. 'ತಕ್ಕ್' ಎಂದರೆ ಮಾತು. ಆ ಪದವೇ ಅದಕ್ಕೆ ಸಾಕ್ಷಿ. ಹೆಣ್ಣು ಅವರಲ್ಲಿ 'ಪೊಣ್ಣ್'. ಈ ಅಭ್ಯಾಸದ ನಾಲಿಗೆ ಕನ್ನಡ ಆಡಿದಾಗ ಪದದ ಬಾಲ ಕತ್ತರಿಸಿದಂತೆ ಕೇಳುತ್ತದೆ. ಬಾಲ ಎಳೆದು ಮಾತಾಡುವ ಊರಿನವರಿಗೆ ಕತ್ತರಿಸಿದ ಪದ ಸಿಡುಕಿನಂತೆ ಕೇಳಿಸುವುದು ಸಹಜ. ಜೊತೆಗೆ ಕನ್ನಡದಲ್ಲಿ ಇಲ್ಲದ ಸ್ವರಗಳೂ ಅಲ್ಲಿವೆ. ನಾಲಿಗೆಯ ನಡುಭಾಗ ಎತ್ತಿ, ತುಟಿ ದುಂಡಗೆ ಮಾಡದೆ ಹೊರಡಿಸುವ ಎರಡು ಸ್ವರಗಳು, ಅವುಗಳ ದೀರ್ಘ ರೂಪಗಳು. ಕನ್ನಡ ಲಿಪಿಯಲ್ಲಿ ಅವಕ್ಕೆ ಅಕ್ಷರವೇ ಇಲ್ಲ. 1930ರ ದಶಕದಲ್ಲಿ ದಕ್ಷಿಣ ಭಾರತಕ್ಕೆ ಬಂದು ತೋಡ, ಕೋತ, ಕೊಡವ ಮಾತುಗಳನ್ನು ಕಿವಿಗೊಟ್ಟು ಬರೆದುಕೊಂಡ ಭಾಷಾವಿಜ್ಞಾನಿ ಎಂ. ಬಿ. ಎಮನೋ 1970ರಲ್ಲಿ ಕೊಡವ ಸ್ವರಗಳ ಮೇಲೆಯೇ ಒಂದು ಲೇಖನ ಬರೆದರು. ಟ, ಡ, ಣ, ಳದಂಥ ನಾಲಿಗೆ ಮಡಚುವ ವ್ಯಂಜನಗಳ ಮುಂದೆ ಹಳೆಯ ಇ, ಎಗಳು ಹಿಂದಕ್ಕೆ ಸರಿದು ಈ ನಡುಸ್ವರಗಳಾದವು. ನೆಂಟರು 'ಒರಟು' ಅಂದದ್ದು ನಾಲಿಗೆಯ ಈ ಸರಿದಾಟವನ್ನು.

'ಪೊಣ್ಣ್' ಎಂಬುದರ ಪಕಾರವನ್ನು ಗಮನಿಸಿ. ನನಗೆ ಈ ವಿಷಯದಲ್ಲಿ ಎಲ್ಲಕ್ಕಿಂತ ಇಷ್ಟವಾದ ಉದಾಹರಣೆ ಅಲ್ಲೇ ಇದೆ. ಕೊಡವರಲ್ಲಿ ಹಾಲಿಗೆ 'ಪಾಲ್'. ಹಳಗನ್ನಡದಲ್ಲೂ ಅದು ಪಾಲ್ ಆಗಿತ್ತು. ಪ ಹುಟ್ಟಬೇಕಾದರೆ ಎರಡು ತುಟಿ ಪೂರ್ತಿ ಮುಚ್ಚಿ ಗಾಳಿ ತಡೆದು ಬಿಡಬೇಕು. ಸಾವಿರ ವರ್ಷಗಳ ಹಿಂದಿನಿಂದ ಕನ್ನಡಿಗರ ತುಟಿ ಪದದ ಆರಂಭದಲ್ಲಿ ಸಡಿಲಗೊಳ್ಳುತ್ತ ಬಂತು. ತುಟಿ ಮುಚ್ಚದೆ ಹೋದರೆ ಉಳಿಯುವುದು ಬರೀ ಉಸಿರು, ಅಂದರೆ ಹ. ಪಾಲ್ ಹಾಲಾಯಿತು, ಪೂ ಹೂವಾಯಿತು, ಪಲ್ಲಿ ಹಲ್ಲಿಯಾಯಿತು. ಮಂಡ್ಯ, ಚಾಮರಾಜನಗರದ ಹಳ್ಳಿಗಳಲ್ಲಿ ಉಸಿರೂ ಸಡಿಲಗೊಂಡು 'ಆಲು', 'ಊವು' ಆಗಿದೆ. ಪಾಲ್, ಹಾಲು, ಆಲು: ಒಂದೇ ದಾರಿಯ ಮೂರು ನಿಲ್ದಾಣ. ಕೊಡವರು ಮೊದಲನೆಯದರಲ್ಲೇ ಉಳಿದರು, ಪಠ್ಯಪುಸ್ತಕ ಎರಡನೆಯದರಲ್ಲಿ ಇಳಿಯಿತು, ಮಂಡ್ಯದ ರೈತ ಮೂರನೆಯದಕ್ಕೆ ಹೋದ.

ಈಗ ಕೇಳುವವರ ತೀರ್ಪು ನೋಡಿ. ಪಾಲ್ ಅಂದವರು ಒರಟರು, ಹಾಲು ಅಂದವರು ಸುಸಂಸ್ಕೃತರು, ಆಲು ಅಂದವರು ದಡ್ಡರು. ಸಿನಿಮಾದಲ್ಲಿ ಪೆದ್ದನ ಪಾತ್ರ ಬಂದರೆ ಮೊದಲು ಉದುರುವುದು ಹಕಾರ. ಶಾಲೆಯಲ್ಲಿ ನಗೆಗೀಡಾದ ಹುಡುಗ ಮುಂದೆ ಪಟ್ಟಣಕ್ಕೆ ಹೋಗಿ ಎಚ್ಚರ ಹೆಚ್ಚಾಗಿ ಅಕ್ಕಿಗೆ 'ಹಕ್ಕಿ' ಅಂದರೆ ಮತ್ತೊಂದು ಸುತ್ತಿನ ನಗೆ. ಅವನ ಮಾತಿನಲ್ಲಿ ಕಾಣುವುದು ದಡ್ಡತನವಲ್ಲ, ಎಲ್ಲೋ ಯಾರೋ ಕೊಟ್ಟ ಏಟಿನ ಗುರುತು. ಹಕಾರ ಉದುರಿದ್ದು ಇಲ್ಲಷ್ಟೇ ಅಲ್ಲ. ಲ್ಯಾಟಿನ್ನಿನಲ್ಲಿ ಹಿಟ್ಟಿಗೆ 'ಫರೀನಾ' ಎಂಬ ಪದವಿತ್ತು. ಸ್ಪೇನಿನಲ್ಲಿ ಆ ಫಕಾರ ಮೊದಲು ಹಕಾರವಾಯಿತು, ಆಮೇಲೆ ಅದೂ ಉದುರಿ ಈಗ 'ಅರೀನಾ' ಅನ್ನುತ್ತಾರೆ. ಬರೆಯುವಾಗ ಮಾತ್ರ ಸತ್ತ ಹಕಾರವನ್ನು ಗೌರವಕ್ಕೆ ಇಟ್ಟುಕೊಂಡಿದ್ದಾರೆ. ನಮ್ಮ ಮಂಡ್ಯದ ರೈತ ಮಾಡಿದ್ದೂ ಅದನ್ನೇ. ಅಲ್ಲಿ ಅದು ಅರಮನೆಯ ಭಾಷೆಯಾಯಿತು, ಇಲ್ಲಿ ಜೋಕಾಯಿತು.

ಅರೆಭಾಷೆಯದು ಇನ್ನೊಂದು ಪಾಡು. ಮಡಿಕೇರಿ, ಸುಳ್ಯ ಕಡೆಯ ಗೌಡರ ಮನೆಮಾತು. ಹೆಸರಿನಲ್ಲೇ 'ಅರೆ' ಇರುವುದರಿಂದ ಅರ್ಧಂಬರ್ಧ ಭಾಷೆ, ಅರ್ಧ ಕಲಿತವರ ಮಾತು ಎಂದು ಕೇಳುವವರು ಮೊದಲೇ ತೀರ್ಮಾನಿಸಿರುತ್ತಾರೆ. ಕೆ. ಕುಶಾಲಪ್ಪ ಗೌಡರು 1970ರಲ್ಲೇ ಅದರ ವ್ಯಾಕರಣ ಬಿಡಿಸಿ ಪುಸ್ತಕ ಮಾಡಿದ್ದರು. 2011ರಲ್ಲಿ ಸರ್ಕಾರ ಅದಕ್ಕೊಂದು ಅಕಾಡೆಮಿಯನ್ನೂ ಕೊಟ್ಟಿತು. ಹೆಸರಿನ 'ಅರೆ' ಮಾತ್ರ ಹಾಗೇ ಇದೆ.

ಮಾತಿನ ರಾಗವೂ ಹೀಗೇ ಕೈಕೊಡುತ್ತದೆ. ಅಮೆರಿಕದ ಜಾನ್ ಗಂಪರ್ಜ್ 1982ರ ತಮ್ಮ ಪುಸ್ತಕದಲ್ಲಿ ಬ್ರಿಟನ್ನಿನ ದೊಡ್ಡ ವಿಮಾನ ನಿಲ್ದಾಣವೊಂದರ ಸಿಬ್ಬಂದಿ ಕ್ಯಾಂಟೀನಿನ ಪ್ರಸಂಗ ಬರೆದಿದ್ದಾರೆ. ಅಲ್ಲಿ ಬಡಿಸಲು ಹೊಸದಾಗಿ ಸೇರಿದ ಭಾರತ, ಪಾಕಿಸ್ತಾನದ ಹೆಂಗಸರು ಸಿಡುಕರು, ಸಹಕಾರವಿಲ್ಲದವರು ಎಂದು ದೂರು. ಆಡುತ್ತಿದ್ದ ಮಾತೇ ಕಡಿಮೆ. ಮಾಂಸದ ಊಟ ಕೇಳಿದವನಿಗೆ ಗ್ರೇವಿ ಬೇಕೇ ಎಂದು ವಿಚಾರಿಸಬೇಕು, ಅಷ್ಟೆ. ಬ್ರಿಟಿಷ್ ಹೆಂಗಸು 'ಗ್ರೇವಿ?' ಎಂದು ಕೊನೆಯನ್ನು ಮೇಲಕ್ಕೆತ್ತುತ್ತಿದ್ದಳು. ನಮ್ಮವರು 'ಗ್ರೇವಿ.' ಎಂದು ಕೆಳಗಿಳಿಸುತ್ತಿದ್ದರು. ಮೇಲೆತ್ತಿದರೆ ಅದು ಪ್ರಶ್ನೆ. ಇಳಿಸಿದರೆ 'ಇದು ಗ್ರೇವಿ, ಬೇಕಾದರೆ ತಗೋ' ಎಂಬ ಉಡಾಫೆ. ಧ್ವನಿಮುದ್ರಣ ಕೇಳಿಸಿದಾಗ ಆ ಹೆಂಗಸರಿಗೆ ಎರಡರಲ್ಲೂ ವ್ಯತ್ಯಾಸವೇ ಗೊತ್ತಾಗಲಿಲ್ಲ. ಬಿಡಿಸಿ ಹೇಳಿದ ಮೇಲೆ, ಜನ ತಮ್ಮನ್ನು ಯಾಕೆ ಹಾಗೆ ನೋಡುತ್ತಿದ್ದರು ಎಂಬುದು ಅವರಿಗೆ ಹೊಳೆಯಿತು.

ಕನ್ನಡದಲ್ಲಿ ಈ ತೊಂದರೆ ಕಡಿಮೆ ಯಾಕೆಂದರೆ ನಮ್ಮ ಪ್ರಶ್ನೆಗೆ ಬಾಲವಿದೆ. 'ಸಾರು ಹಾಕ್ಲಾ?' ಅನ್ನುವಾಗ ಕೊನೆಯ ಆಕಾರವೇ ಕೆಲಸ ಮಾಡುತ್ತದೆ, ರಾಗದ ಹಂಗಿಲ್ಲ. ಆ ಬಾಲ ಬಿಟ್ಟು ಬರೀ ನಾಮಪದ ಆಡುವ ಗತಿ ಬಂದಾಗ ಮಾತ್ರ ಸಿಡುಕು ಕೇಳಿಸುತ್ತದೆ. ಸಂತೆಯ ಆ 'ನೂರಿಪ್ಪತ್ತು' ನೆನಪಿದೆಯಲ್ಲ.

ಒಬ್ಬನೇ ಮನುಷ್ಯ ಎರಡು ಭಾಷೆ ಆಡಿದರೆ ಎರಡು ಸ್ವಭಾವ ಕೇಳಿಸುತ್ತದೆಯೇ? 1960ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ವಾಲೆಸ್ ಲ್ಯಾಂಬರ್ಟ್ ಮತ್ತು ಸಂಗಡಿಗರು ಇದನ್ನು ಪರೀಕ್ಷಿಸಿದರು. ಇಂಗ್ಲಿಷ್, ಫ್ರೆಂಚ್ ಎರಡನ್ನೂ ಸಲೀಸಾಗಿ ಆಡುವವರಿಂದ ಒಂದೇ ಬರಹವನ್ನು ಎರಡೂ ಭಾಷೆಯಲ್ಲಿ ಓದಿಸಿ, ಬೇರೆ ಬೇರೆ ಜನ ಎಂಬಂತೆ ವಿದ್ಯಾರ್ಥಿಗಳಿಗೆ ಕೇಳಿಸಿದರು. ಇಂಗ್ಲಿಷಿನಲ್ಲಿ ಓದಿದಾಗ ಅದೇ ವ್ಯಕ್ತಿ ಹೆಚ್ಚು ಬುದ್ಧಿವಂತ ಅನ್ನಿಸಿದ. ಎತ್ತರವಾಗಿಯೂ ಕಂಡ, ಅಲ್ಲ, ಕೇಳಿಸಿದ! ಫ್ರೆಂಚ್ ಮನೆಮಾತಿನ ವಿದ್ಯಾರ್ಥಿಗಳೂ ಅನೇಕ ಗುಣಗಳಲ್ಲಿ ಇಂಗ್ಲಿಷ್ ಧ್ವನಿಗೇ ಹೆಚ್ಚು ಅಂಕ ಕೊಟ್ಟರು. ಆ ಕಾಲದ ಮಾಂಟ್ರಿಯಲ್‌ನಲ್ಲಿ ಹಣ, ಅಧಿಕಾರ ಇಂಗ್ಲಿಷಿನವರ ಕೈಯಲ್ಲಿತ್ತು. ಧ್ವನಿಯಲ್ಲಿ ಕೇಳಿದ್ದು ಅದನ್ನು.

ಇಂಥ ಪ್ರಯೋಗವೊಂದು ಕೊಡಗಿನವರೊಬ್ಬರ ಮೇಲೆ ತಾನಾಗಿಯೇ ನಡೆದಿತ್ತು ಅನ್ನಬಹುದು. 1899ರಲ್ಲಿ ಶನಿವಾರಸಂತೆಯಲ್ಲಿ ಹುಟ್ಟಿ, 1949ರ ಜನವರಿ 15ರಂದು ಭಾರತೀಯ ಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾದ ಕೆ. ಎಂ. ಕಾರ್ಯಪ್ಪನವರ ಇಂಗ್ಲಿಷ್ ಅಪ್ಪಟ ಸಾಹೇಬರದು. ಅದನ್ನು ಕೇಳಿದವರು ಶಿಸ್ತು, ಬಿಗುಮಾನ ಎಂದು ಬರೆದರು. ಅವರ ಹಿಂದೂಸ್ತಾನಿ ಬಗ್ಗೆ ಸೈನಿಕರಲ್ಲಿ ಓಡಾಡಿದ್ದು ನಗೆಹನಿಗಳು. ಸ್ವಾತಂತ್ರ್ಯ ಬಂದಾಗ ಜವಾನರಿಗೆ 'ನೀವೂ ಮುಕ್ತ, ನಾವೂ ಮುಕ್ತ' ಅನ್ನಲು ಹೋಗಿ 'ಮುಫ್ತ್', ಅಂದರೆ ಪುಕ್ಕಟೆ, ಅಂದರಂತೆ. ನಡೆದದ್ದೋ ಕಟ್ಟಿದ್ದೋ, ಕಥೆ ಇಂದಿಗೂ ಹೇಳುತ್ತಾರೆ. ಇಂಗ್ಲಿಷಿನ ಕಾರ್ಯಪ್ಪ ಬಿಗಿ, ಹಿಂದೂಸ್ತಾನಿಯ ಕಾರ್ಯಪ್ಪ ಸಾಧು. ಗಂಟಲು ಒಂದೇ.

ಹಾಗಾದರೆ ಮಾತಿನಿಂದ ಏನೂ ತಿಳಿಯುವುದಿಲ್ಲವೇ? ತಿಳಿಯುತ್ತದೆ. ಜನರೊಡನೆ ಬೆರೆಯುವ ಸ್ವಭಾವದವರು ಹೆಚ್ಚು ಮಾತಾಡುತ್ತಾರೆ, ಇದು ಅಳೆದು ಕಂಡದ್ದು. ಖಿನ್ನತೆಯಲ್ಲಿ ಮಾತು ನಿಧಾನವಾಗುತ್ತದೆ, ಏರಿಳಿತ ಕಳೆದುಕೊಳ್ಳುತ್ತದೆ. ಪಾರ್ಕಿನ್ಸನ್ ಕಾಯಿಲೆಯಲ್ಲಿ ದನಿ ಕುಗ್ಗುತ್ತದೆ. ವೈದ್ಯರಿಗೆ ಇವೆಲ್ಲ ಉಪಯೋಗದ ಸುಳಿವು. ಆದರೆ ಹೋಲಿಸಬೇಕಾದ್ದು ಅದೇ ಮನುಷ್ಯನ ಹಳೆಯ ದನಿಯೊಡನೆ, ನಮ್ಮ ಊರಿನ ದನಿಯೊಡನೆ ಅಲ್ಲ.

ಪದಗಳನ್ನು ಎಣಿಸುವವರೂ ಇದ್ದಾರೆ. ಅಮೆರಿಕದ ಜೇಮ್ಸ್ ಪೆನ್ನೆಬೇಕರ್ ಸರ್ವನಾಮಗಳ ಬಗ್ಗೆ 2011ರಲ್ಲಿ ಒಂದು ಪುಸ್ತಕವನ್ನೇ ಬರೆದರು. ಇಬ್ಬರು ಮಾತಾಡುವಾಗ 'ನಾನು' ಎಂದು ಹೆಚ್ಚು ಸಲ ಅನ್ನುವವನು ಸಾಮಾನ್ಯವಾಗಿ ಕೆಳಸ್ಥಾನದಲ್ಲಿರುವವನು, ಮೇಲಧಿಕಾರಿ ಅಲ್ಲ ಎಂಬುದು ಅವರು ಕಂಡುಕೊಂಡದ್ದು. ಕೇಳಲು ರುಚಿಯಾಗಿದೆ. ಆದರೆ ಅದು ಇಂಗ್ಲಿಷಿನ ಲೆಕ್ಕ. ನಾವು 'ಬಂದೆ, ಉಂಡೆ, ಮಲಗಿದೆ' ಅಂದರೆ ಮುಗಿಯಿತು. ನಾನು ಎಂಬುದು ಕ್ರಿಯಾಪದದ ಬಾಲದಲ್ಲೇ ಕೂತಿದೆ. ಕನ್ನಡಿಗ ಬಾಯಿಬಿಟ್ಟು 'ನಾನು' ಅಂದರೆ ಅಲ್ಲೊಂದು ಒತ್ತು ಇರುತ್ತದೆ. ಇಂಗ್ಲಿಷಿನ ತಕ್ಕಡಿಯಲ್ಲಿ ಅದನ್ನು ತೂಗಿದರೆ ನಾವೆಲ್ಲ ನಿರಹಂಕಾರಿಗಳಾಗಿಬಿಡುತ್ತೇವೆ, ಬೇಡ.

ನನಗೆ ಇದಕ್ಕಿಂತ ಭರವಸೆಯದಾಗಿ ಕಂಡದ್ದು ಹೊವರ್ಡ್ ಗೈಲ್ಸ್ ಎಂಬ ವಿಜ್ಞಾನಿ 1970ರ ದಶಕದಲ್ಲಿ ಹಿಡಿದ ಜಾಡು. ಮಾತಾಡುವಾಗ ನಾವು ಎದುರಿನವರ ವೇಗಕ್ಕೆ, ಉಚ್ಚಾರಕ್ಕೆ, ಭಾಷೆಗೇ ಬಾಗುತ್ತೇವೆ, ಇಲ್ಲವೇ ಬೇಕೆಂದೇ ದೂರ ಸರಿಯುತ್ತೇವೆ. ಯಾರು ಯಾರಿಗಾಗಿ ಬಾಗುತ್ತಾರೆ ಎಂದು ನೋಡಿದರೆ ಗುಣ ತಿಳಿಯಬಹುದಲ್ಲವೇ ಎಂದು ನನಗೂ ಅನ್ನಿಸಿತ್ತು. ಕೊಡಗಿನ ತೋಟದಲ್ಲಿ ಇದನ್ನು ನೋಡುವುದು ಸುಲಭ. ಯರವರ ಹೆಂಗಸು ಲೈನ್‌ಮನೆಯಲ್ಲಿ ತನ್ನ ಮಾತು, ಕೊಡವ ಸಾವ್ಕಾರರೊಡನೆ ಕೊಡವ ತಕ್ಕ್, ರೇಷನ್ ಅಂಗಡಿಯಲ್ಲಿ ಕನ್ನಡ ಆಡುತ್ತಾಳೆ. ಆಕೆ ಮೂರು ಕಡೆ ಬಾಗಿದ್ದು ಸ್ವಭಾವದ ಮೃದುತ್ವದಿಂದ ಅಲ್ಲ, ಕೂಲಿ ಯಾರ ಕೈಯಲ್ಲಿದೆ ಎಂಬ ಕಾರಣಕ್ಕೆ. ಆಕೆಯ ಮಾತು ಕಲಿತ ಸಾವ್ಕಾರರು ಅಪರೂಪ.

ಅಪರೂಪದ ಒಬ್ಬರು ನನಗೆ ಸಿಕ್ಕಿದ್ದರು. ಅಮ್ಮತ್ತಿ ಕಡೆಯವರು, ಎಂಬತ್ತರ ಹತ್ತಿರದ ವಯಸ್ಸು. ಕಾಫಿ ಕುಯ್ಲಿನ ಕಾಲದಲ್ಲಿ ಯರವರ ಮಾತಿನಲ್ಲೇ ಗಟ್ಟಿಯಾಗಿ ಮಾತಾಡುತ್ತ ಕಣದಲ್ಲಿ ಓಡಾಡುತ್ತಿದ್ದರು. ನಾನು ಒಳಗೊಳಗೇ ಮೆಚ್ಚಿದೆ. ಸಂಜೆ ಚೀಲ ಅಳೆಸಿ ಹೊರಟಿದ್ದ ಹಿರಿಯ ಹೆಂಗಸೊಬ್ಬರನ್ನು ಕೇಳಿದೆ, 'ನಿಮ್ಮ ಸಾವ್ಕಾರ್ರು ನಿಮ್ಮ ಭಾಷೆ ಎಷ್ಟು ಚೆನ್ನಾಗಿ ಆಡ್ತಾರೆ, ಅಲ್ವಾ ಅಕ್ಕ?'

ಆಕೆ ಸೆರಗಿನಿಂದ ಬಾಯಿ ಮುಚ್ಚಿ ನಕ್ಕರು. 'ಹೂಂ, ಬೈದದ್ದು ಪೂರಾ ಅರ್ಥ ಆಗ್ತದೆ.'