ಬೆಳೆದ ಮಗನ ಕುಡಿತವೂ ಹೆತ್ತವರ ಹಣವೂ

ಕುಂದಾಪುರದಿಂದ ಬೈಂದೂರಿಗೆ ಹೋಗುವ ಹೆದ್ದಾರಿಯಲ್ಲಿ, ಮರವಂತೆಯ ಕಡಲತೀರವನ್ನು ದಾಟಿ ಉತ್ತರಕ್ಕೆ ಸಾಗಿದರೆ ಉಪ್ಪುಂದ ಸಿಗುತ್ತದೆ. ಪಡುವಣಕ್ಕೆ ಸಮುದ್ರ, ಮೂಡಣಕ್ಕೆ ಗದ್ದೆ ತೋಟಗಳು. ಊರಿನ ಹೆಸರಿನೊಡನೆ ಸದಾ ಕೇಳಿಬರುವುದು ದುರ್ಗಾಪರಮೇಶ್ವರಿಯ ದೇವಾಲಯ. ಈ ಸೀಮೆಯ ತರುಣರಲ್ಲಿ ಕೆಲವರು ಕಡಲಿಗಿಳಿಯುತ್ತಾರೆ, ಹಲವರು ಬೆಂಗಳೂರು ಮುಂಬಯಿಗಳ ಹೋಟೆಲುಗಳ ದಾರಿ ಹಿಡಿಯುತ್ತಾರೆ. ಅವರು ಕಳುಹಿಸುವ ಹಣದಿಂದ ಮನೆ ಎದ್ದು ನಿಲ್ಲುತ್ತದೆ, ತಂಗಿಯ ಮದುವೆಯಾಗುತ್ತದೆ. ಆದರೆ ಕೆಲವು ಮನೆಗಳಲ್ಲಿ ಹಣದ ಹೊಳೆ ಹಿಂದಕ್ಕೆ ಹರಿಯತೊಡಗುತ್ತದೆ. ಮೂವತ್ತೈದು ದಾಟಿದ ಮಗ ಕೆಲಸ ಬಿಟ್ಟು ಊರಿಗೆ ಬರುತ್ತಾನೆ. ಅವನೊಡನೆ ಅವನ ಕುಡಿತವೂ ಬರುತ್ತದೆ. ನಿವೃತ್ತ ತಂದೆಯ ಪಿಂಚಣಿ, ತಾಯಿಯ ಕೊರಳ ಸರ ಒಂದೊಂದಾಗಿ ಕರಗುತ್ತವೆ. ಇಂತಹ ಹೆತ್ತವರು ಕೊಡಬೇಕೆ, ಕೊಡಬಾರದೆ? ಕೊಡುವುದಾದರೆ ಯಾವುದಕ್ಕೆ?

ಈ ಕರಾವಳಿಗೆ ಪಾನನಿರೋಧದ ಅನುಭವ ಹೊಸದಲ್ಲ. ದಕ್ಷಿಣ ಕನ್ನಡವು ಮದರಾಸು ಪ್ರಾಂತಕ್ಕೆ ಸೇರಿದ್ದ ಕಾಲದಲ್ಲಿ, 1948ರ ವೇಳೆಗೆ, ಆ ಪ್ರಾಂತವೆಲ್ಲ ಕಾನೂನಿನಿಂದ ಪಾನಮುಕ್ತವೆನಿಸಿತ್ತು. 2007ರಲ್ಲಿ ಕರ್ನಾಟಕ ಸರಕಾರ ಸಾರಾಯಿಯನ್ನು ನಿಷೇಧಿಸಿತು. ಕಾನೂನು ಅಂಗಡಿಯ ಬಾಗಿಲನ್ನು ಮುಚ್ಚಬಲ್ಲುದು. ದೇಹಕ್ಕೆ ಅಂಟಿದ ದಾಹವನ್ನು ಮುಚ್ಚಲಾರದು.

ಆ ದಾಹವು ಬರಿಯ ದುರ್ಗುಣವಲ್ಲ, ರೋಗ ಎಂದು ವೈದ್ಯರು ಹೇಳುತ್ತಾರೆ. ಬಹುಕಾಲ ಮದ್ಯದಲ್ಲಿ ನೆನೆದ ಮಿದುಳು ಅದಿಲ್ಲದೆ ನಡೆಯಲಾರದಂತಾಗುತ್ತದೆ. ಹಠಾತ್ತನೆ ಬಿಟ್ಟರೆ ಕೈ ನಡುಕ, ಬೆವರು, ನಿದ್ರಾನಾಶ. ಕೆಲವರಿಗೆ ಫಿಟ್ಸ್, ಎರಡು ಮೂರು ದಿನಗಳಲ್ಲಿ ಸನ್ನಿ. ಇದು ಪ್ರಾಣಕ್ಕೂ ಎರವಾಗಬಹುದು. ಆದುದರಿಂದ ಮಗನನ್ನು ಕೋಣೆಯಲ್ಲಿ ಕೂಡಿಹಾಕಿ ‘ಬಿಡಿಸುವ’ ಸಾಹಸ ಸಲ್ಲದು. ಹೆತ್ತವರ ಮೊದಲ ಖರ್ಚು ವೈದ್ಯನಿಗೆ ಸಲ್ಲತಕ್ಕದ್ದು.

ದೇಶದಲ್ಲಿ ಈ ನೆರವು ಎಷ್ಟು ಮಂದಿಗೆ ದೊರೆಯುತ್ತಿದೆ? ಕೇಂದ್ರ ಸರಕಾರದ ಪರವಾಗಿ ದಿಲ್ಲಿಯ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆ ನಡೆಸಿ 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯಂತೆ, ಮದ್ಯಕ್ಕೆ ದಾಸರಾದ 38 ಜನರಲ್ಲಿ ಒಬ್ಬನಿಗೆ ಮಾತ್ರ ಯಾವುದಾದರೂ ಚಿಕಿತ್ಸೆಯೋ ಸಹಾಯವೋ ಸಿಕ್ಕಿದೆ. ಉಳಿದ 37 ಮಂದಿಯ ಪಾಡಿಗೆ ಹಣದ ಅಭಾವವೊಂದೇ ಕಾರಣವಲ್ಲ. ‘ನಾಲ್ಕು ಜನ ಏನೆಂದಾರು’ ಎಂಬ ಅಂಜಿಕೆಯೂ ಕಾರಣ. ‘ಮದುವೆ ಮಾಡಿದರೆ ಸರಿಹೋಗುತ್ತಾನೆ’ ಎಂದು ಚಿಕಿತ್ಸೆಗೆ ಬದಲು ಛತ್ರಕ್ಕೆ ಹಣ ಕಟ್ಟುವವರೂ ಇದ್ದಾರೆ. ಆಗ ಒಂದು ಮನೆಯ ದುಃಖ ಎರಡು ಮನೆಗಳದಾಗುತ್ತದೆ.

ಖರ್ಚಿಗೆ ಅಂಜುವವರಿಗೆ ನಮ್ಮ ಕರಾವಳಿಯೇ ಒಂದು ದಾರಿಯನ್ನು ತೋರಿಸಿದೆ. 1982ರಲ್ಲಿ ಪ್ರಾರಂಭವಾದ ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಆಶ್ರಯದಲ್ಲಿ, ಡಾ. ವೀರೇಂದ್ರ ಹೆಗ್ಗಡೆಯವರ ಮಾರ್ಗದರ್ಶನದಲ್ಲಿ, ಜನಜಾಗೃತಿ ವೇದಿಕೆಯು ಊರೂರುಗಳಲ್ಲಿ ಮದ್ಯವರ್ಜನ ಶಿಬಿರಗಳನ್ನು ನಡೆಸುತ್ತ ಬಂದಿದೆ. ಅವುಗಳ ಸಂಖ್ಯೆ ಸಾವಿರವನ್ನು ಮೀರಿದೆ. ಸುಮಾರು ಎಂಟು ದಿನಗಳ ಶಿಬಿರಕ್ಕೆ ಊರಿನವರೇ ಸಮಿತಿ ಕಟ್ಟಿ ನೆರವಾಗುತ್ತಾರೆ. ಶಿಬಿರ ಮುಗಿದ ಮೇಲೆ ‘ನವಜೀವನ ಸಮಿತಿ’ಗಳಲ್ಲಿ ಕುಡಿತ ಬಿಟ್ಟವರು ಒಬ್ಬರಿಗೊಬ್ಬರು ಆಸರೆಯಾಗುತ್ತಾರೆ. ಈ ಎರಡನೆಯ ಕೆಲಸವೇ ಹೆಚ್ಚಿನದು. ಎಂಟು ದಿನ ಬಿಡುವುದು ಆರಂಭ, ಎಂಟು ತಿಂಗಳು ಉಳಿಸಿಕೊಳ್ಳುವುದು ಸಾಧನೆ. ಆದರೆ ತೀವ್ರ ವ್ಯಸನಿಗೂ, ಯಕೃತ್ತು ಕೆಟ್ಟವನಿಗೂ, ಹಿಂದೆ ಫಿಟ್ಸ್ ಬಂದವನಿಗೂ ಆಸ್ಪತ್ರೆಯೇ ಮೊದಲು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ವಿಭಾಗವಿದೆ. ಎಲ್ಲಿಗೆ ಹೋಗಬೇಕೆಂದು ತಿಳಿಯದವರು 14446 ಅಥವಾ 14416ಕ್ಕೆ ದೂರವಾಣಿ ಮಾಡಿ ಕೇಳಬಹುದು. ಆರೋಗ್ಯವಿಮೆಯನ್ನು ನಂಬಿದವರು ಪತ್ರವನ್ನು ಮೊದಲು ಓದಿಕೊಳ್ಳಲಿ. ಮದ್ಯವ್ಯಸನದ ಚಿಕಿತ್ಸೆಯನ್ನು ಹೊರಗಿಡುವ ಷರತ್ತು ಅನೇಕ ಪತ್ರಗಳಲ್ಲಿ ಇರುತ್ತದೆ.

ಇನ್ನು ಕೊಡುವ ಕ್ರಮ. ಹಣವನ್ನು ಮಗನ ಕೈಗೆ ಹಾಕದೆ ನೇರವಾಗಿ ಆಸ್ಪತ್ರೆಗೆ, ಔಷಧಿಯ ಅಂಗಡಿಗೆ ಸಲ್ಲಿಸುವುದು ಲೇಸು. ಬಸ್ಸಿನ ಟಿಕೀಟು ಕೊಳ್ಳಬಹುದು. ಟಿಕೀಟಿನ ದುಡ್ಡು ಕೊಡಬಾರದು. ಕುಡಿತದ ಸಾಲವನ್ನು ತೀರಿಸುವುದೆಂದರೆ ಮುಂದಿನ ಸಾಲಕ್ಕೆ ಬಾಗಿಲು ತೆರೆದಂತೆ. ಜಾಮೀನು ನಿಲ್ಲದ ಹೊರತು, ಬೆಳೆದ ಮಗ ಮಾಡಿದ ಸಾಲಕ್ಕೆ ಬದುಕಿರುವ ತಂದೆ ಹೊಣೆಯಲ್ಲವೆಂಬುದನ್ನು ನೆನಪಿಡಬೇಕು. ಚಿಕಿತ್ಸೆಗೆ ಎಷ್ಟು ಕೊಡಬಲ್ಲೆವೆಂದು ಗಂಡಹೆಂಡಿರು ಮೊದಲೇ ಕೂತು ಗೊತ್ತುಮಾಡಿಕೊಳ್ಳಲಿ. ಉಳಿದ ಮಕ್ಕಳಿಗೂ ತಿಳಿಸಲಿ. ಗುಟ್ಟಾಗಿ ತಾಯಿ ಕೊಡುವ ನೂರು ರೂಪಾಯಿ ತಂದೆಯ ಸಾವಿರವನ್ನು ವ್ಯರ್ಥಗೊಳಿಸುತ್ತದೆ.

ಇರುವ ಮನೆಯನ್ನು ಮಗನ ಹೆಸರಿಗೆ ಬರೆದುಕೊಡುವ ಆತುರ ಬೇಡ. ಬರೆಯಲೇಬೇಕಾದರೆ, ತಮ್ಮನ್ನು ನೋಡಿಕೊಳ್ಳಬೇಕೆಂಬ ಷರತ್ತನ್ನು ದಾನಪತ್ರದಲ್ಲಿಯೇ ಬರೆಯಿಸಬೇಕು. ಆ ಷರತ್ತು ಮುರಿದರೆ 2007ರ ಹಿರಿಯ ನಾಗರಿಕರ ಕಾಯಿದೆಯಂತೆ ನ್ಯಾಯಮಂಡಳಿಯ ಮೊರೆ ಹೋಗಬಹುದು.

ಕೊಡದಿರುವುದೆಂದರೆ ಕೈಬಿಡುವುದೆಂದಲ್ಲ. ಚಿಕಿತ್ಸೆಗೆ ಒಲ್ಲದ ಕುಡುಕರ ಮನೆಯವರಿಗೆ ಮೂರು ವಿಧಾನಗಳನ್ನು ಕಲಿಸಿ ನೋಡಿದ ಅಮೆರಿಕೆಯ ಒಂದು ಅಧ್ಯಯನ 1999ರಲ್ಲಿ ಪ್ರಕಟವಾಯಿತು. ಎಲ್ಲರನ್ನೂ ಕೂಡಿಸಿ ಮುಖಕ್ಕೆ ಹೊಡೆದಂತೆ ಕೇಳುವ ವಿಧಾನದಿಂದ 100ಕ್ಕೆ 30 ಮಂದಿ ಚಿಕಿತ್ಸೆಗೆ ಬಂದರು. ಮನೆಯವರು ತಮ್ಮ ನೆಮ್ಮದಿಯನ್ನಷ್ಟೇ ನೋಡಿಕೊಂಡು ದೂರ ನಿಂತಾಗ ಬಂದವರು 13. ಕುಡಿಯದ ದಿನ ಅಕ್ಕರೆಯಿಂದ ಕೂಡಿ ಉಂಡು, ಕುಡಿದ ದಿನ ಸುಮ್ಮನೆ ದೂರ ಸರಿಯುವುದನ್ನು ಕಲಿತ ಮನೆಗಳಿಂದ ಬಂದವರು 64. ಬೈಗುಳಕ್ಕಿಂತ ಬಾಳೆಯೆಲೆಯ ಬಲ ದೊಡ್ಡದೆಂದಾಯಿತು.

ಇಷ್ಟೆಲ್ಲ ಮಾಡಿದ ಮೇಲೂ ಮಗ ಮತ್ತೆ ಕುಡಿಯಬಹುದು. ಜೂನ್ ಜುಲೈ ತಿಂಗಳುಗಳಲ್ಲಿ ಯಾಂತ್ರಿಕ ದೋಣಿಗಳಿಗೆ ನಿಷೇಧವಿದ್ದು ಕೈಗೆ ಕೆಲಸವಿಲ್ಲದಿರುವಾಗಲೋ, ಮದುವೆಮನೆಯಲ್ಲಿ ಹಳೆಯ ಗೆಳೆಯ ಕರೆದಾಗಲೋ ಕಾಲು ಜಾರುವುದುಂಟು. ಸಕ್ಕರೆಕಾಯಿಲೆ ಮರುಕಳಿಸಿದರೆ ನಾವು ರೋಗಿಯನ್ನು ದೂರುವುದಿಲ್ಲ, ಔಷಧಿ ಬದಲಾಯಿಸುತ್ತೇವೆ, ಇಲ್ಲಿಯೂ ಹಾಗೆಯೇ. ಅಂತೆಯೇ ಎರಡನೆಯ ಚಿಕಿತ್ಸೆಗೆಂದು ಹೆತ್ತವರು ಒಂದಿಷ್ಟನ್ನು ಉಳಿಸಿಟ್ಟಿರಬೇಕು. ತಮ್ಮ ಮುಪ್ಪಿಗೆ ಬೇಕಾದುದನ್ನು ಮಾತ್ರ ಆ ಗಂಟಿಗೆ ಸೇರಿಸಬಾರದು. ಮಗ ಗುಣವಾಗಿ ಎದ್ದ ದಿನ ಅವನಿಗೆ ಹಿಂದಿರುಗಲು ಒಂದು ಮನೆ ಇರಬೇಕಲ್ಲವೆ?