ಜುಮುಕಿಯ ಪ್ರಯಾಣಕ್ಕೆ ತಕ್ಕ ಪೆಟ್ಟಿಗೆ

ಜಾತ್ರೆಯ ದಿನಗಳಲ್ಲಿಯೂ ಗೌರಿಹಬ್ಬದ ಮುಂಚಿನ ವಾರಗಳಲ್ಲಿಯೂ ತಪ್ಪದೆ ಊರು ಹೊಗುತ್ತಿದ್ದ ಬಳೆಗಾರನು, ಹೆಗಲ ಮಲಾರದಲ್ಲಿ ಗಾಜಿನ ಬಳೆಗಳನ್ನು ಹೊತ್ತು, ಹಳ್ಳಕೊಳ್ಳಗಳನ್ನು ದಾಟಿ ಬಂದು ಜಗುಲಿಯ ಮೇಲೆ ಹೊರೆ ಇಳಿಸಿದಾಗ, ಒಡೆದುದೆಂದು ಎತ್ತಿ ಎಸೆಯಬೇಕಾದ ಬಳೆ ಬಹಳವೇನೂ ಇರುತ್ತಿರಲಿಲ್ಲ. ಅವನ ಹೊರೆಗೆ ಗಟ್ಟಿಯಾದ ಕವಚವೊಂದೂ ಇರಲಿಲ್ಲ. ಬಳೆಗಳನ್ನು ಹಗ್ಗಕ್ಕೆ ಒತ್ತೊತ್ತಾಗಿ ಪೋಣಿಸಿ, ಒಂದು ಇನ್ನೊಂದರಿಂದ ಸರಿಯದಂತೆ ಬಿಗಿದು, ಮೇಲೊಂದು ಬಟ್ಟೆ ಸುತ್ತಿದರೆ ಅವನ ಕಟ್ಟು ಮುಗಿಯಿತು. ಅಲುಗಲು ಎಡೆಯಿಲ್ಲದ ವಸ್ತುವಿಗೆ ಒಡೆಯುವ ಸಂದರ್ಭವೂ ವಿರಳವೆಂಬ ತತ್ತ್ವವನ್ನು ಅವನು ಯಾವ ಶಾಸ್ತ್ರಗ್ರಂಥದಿಂದಲೂ ಕಲಿತವನಲ್ಲ.

ಈಗ ಆ ಮಲಾರದ ಕೆಲಸ ರಟ್ಟಿನ ಪೆಟ್ಟಿಗೆಯ ಪಾಲಿಗೆ ಬಂದಿದೆ. ಮನೆಯಲ್ಲಿಯೇ ಜೇಡಿಮಣ್ಣಿನ ಜುಮುಕಿಗಳನ್ನು ತಿದ್ದಿ ಸುಟ್ಟು ಬಣ್ಣ ಹಚ್ಚುವ ಗೃಹಿಣಿ, ಚನ್ನಪಟ್ಟಣದ ಅರಗಿನ ಬಳೆಗಳನ್ನು ದೂರದ ಗಿರಾಕಿಗಳಿಗೆ ಕಳುಹಿಸುವ ವ್ಯಾಪಾರಿ, ಬೀದರಿನ ಬಿದರಿ ಪದಕಗಳನ್ನು ತರಿಸಿ ಮಾರುವ ತರುಣಿ, ಇವರೆಲ್ಲರೂ ಅಂಚೆಯನ್ನೋ ಕೊರಿಯರನ್ನೋ ನಂಬಿ ನಡೆಯತಕ್ಕವರು. ಬೆಂಗಳೂರಿನ ಸುಲ್ತಾನ್‌ಪೇಟೆಯಂಥ ಕಡೆ ಪೆಟ್ಟಿಗೆ ಕೊಳ್ಳಹೋದರೆ ಅಂಗಡಿಯಾತ ಮೊದಲು ಕೇಳುವ ಪ್ರಶ್ನೆ, “ತ್ರೀ ಪ್ಲೈ ಬೇಕೋ, ಫೈವ್ ಪ್ಲೈ ಬೇಕೋ?” ಎಂಬುದು. ದಪ್ಪವಾದುದೇ ಕ್ಷೇಮವೆಂದು ಹೊಸಬರು ಐದು ಪದರದ್ದನ್ನೇ ಆರಿಸುತ್ತಾರೆ. ನನ್ನ ಮಟ್ಟಿಗೆ ಹೇಳುವುದಾದರೆ, ಆ ಪ್ರಶ್ನೆ ಎಲ್ಲಕ್ಕಿಂತ ಕಡೆಗೆ ಬರಬೇಕಾದದ್ದು. ಇಪ್ಪತ್ತು ಗ್ರಾಮ್ ತೂಗುವ ಒಂದು ಜೊತೆ ಓಲೆಗೆ ಹೊರಗಿನ ಗೋಡೆಯ ದೌರ್ಬಲ್ಯಕ್ಕಿಂತ ಒಳಗಿನ ಶೂನ್ಯವೇ ಹೆಚ್ಚಿನ ಶತ್ರು.

ಈ ರಟ್ಟಿನ ಒಳಗಿರುವ ಅಲೆಮಡಿಕೆಯ ಕಾಗದವು ಹುಟ್ಟಿದ್ದೇ ಅಲಂಕಾರದ ಲೋಕದಲ್ಲಿ ಎಂಬುದು ವಿನೋದದ ಸಂಗತಿ. 1856ರಲ್ಲಿ ಇಂಗ್ಲೆಂಡಿನ ಹೀಲಿ ಮತ್ತು ಆಲನ್ ಎಂಬಿಬ್ಬರು ನೆರಿಗೆಗೊಳಿಸಿದ ಕಾಗದಕ್ಕೆ ಪೇಟೆಂಟು ಪಡೆದದ್ದು ಆ ಕಾಲದ ದೊಡ್ಡ ಮನುಷ್ಯರ ಎತ್ತರದ ಟೋಪಿಗಳಿಗೆ ಒಳಪಟ್ಟಿ ಹಾಕುವುದಕ್ಕಾಗಿ. ಅದನ್ನು ಸರಕಿನ ರಕ್ಷಣೆಗೆ ತಿರುಗಿಸಿದವನು ನ್ಯೂಯಾರ್ಕಿನ ಆಲ್ಬರ್ಟ್ ಜೋನ್ಸ್. 1871ರಲ್ಲಿ ಅವನು ಸೀಸೆಗಳಿಗೂ ದೀಪದ ಗಾಜಿನ ಚಿಮಣಿಗಳಿಗೂ ಸುತ್ತುವ ಹೊದಿಕೆಯಾಗಿ ಅದನ್ನು ಬಳಕೆಗೆ ತಂದನು. ಆದರೆ ಬರಿಯ ನೆರಿಗೆ ಎಳೆದರೆ ಹಿಗ್ಗುತ್ತದೆ, ಅದುಮಿದರೆ ಚಪ್ಪಟೆಯಾಗುತ್ತದೆ. 1874ರಲ್ಲಿ ಆಲಿವರ್ ಲಾಂಗ್ ಎಂಬವನು ನೆರಿಗೆಯ ಬೆನ್ನಿಗೆ ಸಮತಲದ ಹಾಳೆಯೊಂದನ್ನು ಅಂಟಿಸಿದ ಮೇಲೆ ಅದಕ್ಕೆ ಸ್ಥೈರ್ಯ ಬಂದಿತು.

ಪೆಟ್ಟಿಗೆಯ ಒಂದು ಅಂಚನ್ನು ಕತ್ತರಿಸಿ ಕಣ್ಣ ಹತ್ತಿರ ಹಿಡಿದರೆ ಅದರ ಮರ್ಮವೆಲ್ಲ ಕಾಣುತ್ತದೆ. ಮೇಲೊಂದು ಹಾಳೆ, ಕೆಳಗೊಂದು ಹಾಳೆ, ನಡುವೆ ಸಾಲು ಕಮಾನುಗಳಾಗಿ ಬಾಗಿದ ಮೂರನೆಯದು. ಪ್ರತಿಯೊಂದು ಕಮಾನಿನ ನೆತ್ತಿಯಲ್ಲಿಯೂ ಒಣಗಿದ ಗಂಜಿಯಂಟಿನ ಸಣ್ಣ ಗೆರೆ. ಇದೇ ಮೂರು ಪ್ಲೈ. ಇದರ ಮೇಲೆ ಇನ್ನೊಂದು ಕಮಾನಿನ ಸಾಲೂ ಇನ್ನೊಂದು ಹಾಳೆಯೂ ಸೇರಿದರೆ ಐದು ಪ್ಲೈ. ಪೆಟ್ಟಿಗೆಯನ್ನು ನಿಲ್ಲಿಸಿದಾಗ ಈ ಕಮಾನುಗಳ ಕೊಳವೆಗಳು ಗೋಡೆಗಳಲ್ಲಿ ನೆಟ್ಟಗೆ ನಿಂತಿರಬೇಕು. ಆಗ ಅವು ಮೇಲಿನ ಭಾರವನ್ನು ಕಂಬಗಳಂತೆ ಹೊರುತ್ತವೆ. ಅಡ್ಡಲಾಗಿ ಮಲಗಿದ್ದರೆ ಅದೇ ರಟ್ಟು ಬಹುಬೇಗ ಕುಸಿಯುತ್ತದೆ. ಕೊಳ್ಳುವಾಗ ಇದನ್ನು ನೋಡುವವರು ಕಡಮೆ, ನೋಡಲು ಖರ್ಚೇನೂ ಇಲ್ಲ.

ಈ ಕಮಾನಿಗೆ ಫ್ಲೂಟ್ ಎಂಬ ಹೆಸರುಂಟು, ಅದರ ಎತ್ತರಕ್ಕೆ ಇಂಗ್ಲಿಷ್ ಅಕ್ಷರಗಳ ಗುರುತುಂಟು. ಎ ಸುಮಾರು 5 ಮಿಲಿಮೀಟರ್, ಸಿ ಸುಮಾರು 4, ಬಿ ಸುಮಾರು 3, ಇ ಸುಮಾರು ಒಂದೂವರೆ, ಎಫ್ ಒಂದಕ್ಕೂ ಕಡಮೆ. ಅಕ್ಷರಗಳ ಅನುಕ್ರಮವು ಬಳಕೆಗೆ ಬಂದ ಕ್ರಮವನ್ನು ಹಿಡಿದು ಹೋಗಿರುವುದರಿಂದ ದಪ್ಪಕ್ಕೂ ಅದಕ್ಕೂ ಮೇಳವಿಲ್ಲ. ದೊಡ್ಡ ಕಮಾನು ಪೆಟ್ಟನ್ನು ಚೆನ್ನಾಗಿ ನುಂಗುತ್ತದೆ. ಸಣ್ಣ ಕಮಾನು ನುಣುಪಾದ ಮೈಯನ್ನೂ ಚೂಪಾದ ಮಡಿಕೆಯನ್ನೂ ಕೊಡುತ್ತದೆ, ಸ್ಥಳವನ್ನೂ ಉಳಿಸುತ್ತದೆ. ಅಂಗೈಯಗಲದ ಪೆಟ್ಟಿಗೆಯನ್ನು ಐದು ಮಿಲಿಮೀಟರ್ ದಪ್ಪದ ರಟ್ಟಿನಲ್ಲಿ ಮಡಿಸಹೋದರೆ ಮೂಲೆಗಳು ಉಬ್ಬಿ, ಮುಚ್ಚಳ ಬಾಯಿ ಕಳೆದುಕೊಂಡೇ ಇರುತ್ತದೆ. ಆದುದರಿಂದ ಓಲೆ, ಉಂಗುರ, ಸರ, ತಲೆಯ ಕ್ಲಿಪ್ಪುಗಳಿಗೆ ಇ ಫ್ಲೂಟಿನ ಮೂರು ಪ್ಲೈ ಸಾಲುತ್ತದೆ. ಗಾಜಿನ ಬಳೆಯ ಡಜನುಗಳಿಗೆ ಬಿ ಫ್ಲೂಟಿನ ಮೂರು ಪ್ಲೈ ಒಳ್ಳೆಯದು. ಐದು ಪ್ಲೈ ಬೇಕಾಗುವುದು ಇಂಥ ಚಿಕ್ಕ ಪೆಟ್ಟಿಗೆಗಳನ್ನು ಐವತ್ತು ನೂರರಂತೆ ಒಂದೇ ದೊಡ್ಡ ಪೆಟ್ಟಿಗೆಯಲ್ಲಿ ತುಂಬಿ ಅಂಗಡಿಗೆ ಕಳುಹಿಸುವಾಗ.

ವ್ಯಾಪಾರಿಗಳು ಹೇಳುವ ಜಿಎಸ್‌ಎಂ, ಬಿಎಫ್ ಎಂಬ ಮಾತುಗಳಿಗೂ ಹೆದರಬೇಕಾದದ್ದಿಲ್ಲ. ಒಂದು ಚದರ ಮೀಟರ್ ಕಾಗದದ ತೂಕ ಗ್ರಾಮಿನಲ್ಲಿ ಎಷ್ಟೆಂಬುದು ಮೊದಲನೆಯದು. ಆ ತೂಕಕ್ಕೆ ತಕ್ಕಂತೆ ಕಾಗದವು ಹರಿಯದೆ ಎಷ್ಟು ಒತ್ತಡವನ್ನು ತಾಳಬಲ್ಲುದೆಂಬುದರ ಸೂಚಕ ಎರಡನೆಯದು. ಎರಡನ್ನೂ ಗುಣಿಸಿ ಸಾವಿರದಿಂದ ಭಾಗಿಸಿದರೆ, ಚದರ ಸೆಂಟಿಮೀಟರಿಗೆ ಇಷ್ಟು ಕಿಲೋಗ್ರಾಮ್ ಎಂಬ ಲೆಕ್ಕ ಸಿಗುತ್ತದೆ: 120 ಜಿಎಸ್‌ಎಂ, 18 ಬಿಎಫ್ ಕಾಗದಕ್ಕೆ 2.16. ಒಂದೇ ತೂಕದ ಎರಡು ಪೆಟ್ಟಿಗೆಗಳಲ್ಲಿ ಒಂದು ಬೆರಳಿಗೆ ಬಿರುಸಾಗಿಯೂ ಇನ್ನೊಂದು ಮೆತ್ತಗೂ ತೋರುವುದಕ್ಕೆ ಕಾರಣ ಇಲ್ಲಿದೆ. ಹಾಗೆಂದು ಚಿಕ್ಕ ಒಡವೆಯ ಪೆಟ್ಟಿಗೆಗೆ ಅತ್ಯುತ್ತಮ ಬಿಎಫ್ ಅರಸಿ ಅಲೆಯುವುದು ವ್ಯರ್ಥ. ಗೋಡೆ ಗಿಡ್ಡವಾಗಿದ್ದಷ್ಟೂ ಬಾಗುವುದು ಕಡಮೆಯಾದ್ದರಿಂದ, ಕಿರಿದಾದ ಪೆಟ್ಟಿಗೆ ತನ್ನ ಕಿರಿತನದಿಂದಲೇ ಬಲ ಪಡೆಯುತ್ತದೆ.

ಅಳತೆಯ ವಿಷಯಕ್ಕೆ ಬಂದರೆ, ಕೊರಿಯರಿನವರು ವಿಧಿಸುವ ಶುಲ್ಕವೂ ಬಳೆಗಾರನ ಪಕ್ಷವನ್ನೇ ವಹಿಸುತ್ತದೆ. ಅವರು ನಿಜವಾದ ತೂಕದ ಜೊತೆಗೆ ಗಾತ್ರದ ತೂಕವನ್ನೂ ಲೆಕ್ಕ ಹಾಕಿ, ಹೆಚ್ಚಿನದಕ್ಕೆ ಹಣ ಕೇಳುತ್ತಾರೆ. ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸುವುದು ಸಾಮಾನ್ಯವಾದ ರೂಢಿ. ಒಂದು ಜೊತೆ ಜುಮುಕಿಯನ್ನು 30, 20, 10ರ ಪೆಟ್ಟಿಗೆಯಲ್ಲಿಟ್ಟರೆ ಅದು 1.2 ಕಿಲೋಗ್ರಾಮಿನ ಸರಕಾಗಿ ಪರಿಣಮಿಸುತ್ತದೆ. 15, 10, 5ರ ಪೆಟ್ಟಿಗೆಯಲ್ಲಿಟ್ಟರೆ 150 ಗ್ರಾಮ್. ಮನೆಯಲ್ಲಿ ಬಿದ್ದಿದ್ದ ಚಪ್ಪಲಿಯ ಡಬ್ಬ ಪುಕ್ಕಟೆಯಾಗಿ ಸಿಕ್ಕಿತೆಂದು ಹಿಗ್ಗುವವರು ಒಳಗಿನ ಗಾಳಿಗೂ ಬಾಡಿಗೆ ತೆರುತ್ತಿರುತ್ತಾರೆ.

ಪೆಟ್ಟಿಗೆಯ ಒಳಗಿನ ವ್ಯವಸ್ಥೆಯೇ ನಿಜವಾದ ಕುಶಲತೆ. ಮಣ್ಣಿನ ಜುಮುಕಿ ಸಾಮಾನ್ಯವಾಗಿ ನಡುವೆ ಒಡೆಯುವುದಿಲ್ಲ. ಕೊಂಡಿ ಸಿಕ್ಕಿಸಿದ ತೂತಿನ ಅಂಚು ಸಿಡಿಯುತ್ತದೆ, ಇಲ್ಲವೆ ಗುಮ್ಮಟದ ತುಟಿಯಲ್ಲಿ ಉಗುರಿನಷ್ಟು ಚೂರು ಹಾರಿಹೋಗುತ್ತದೆ. ಇದು ಜೊತೆಯ ಎರಡು ಜುಮುಕಿಗಳು ಒಂದಕ್ಕೊಂದು ತಾಗಿದುದರ ಫಲ. ಗುಮ್ಮಟದ ಪೊಳ್ಳಿಗೆ ಮೃದುವಾದ ತೆಳುಕಾಗದವನ್ನು ತುರುಕಿ, ಎರಡನ್ನೂ ಒಂದು ಗಟ್ಟಿ ಚೀಟಿಗೆ ದೂರದೂರವಾಗಿ ಚುಚ್ಚಿ, ಹಿಂದಿನ ತಿರುಪನ್ನು ಭದ್ರಪಡಿಸಿ, ಸುತ್ತಲೂ ಬೆರಳಗಲದ ಬಬಲ್ ಹಾಳೆ ಬರುವಂತೆ ಪೆಟ್ಟಿಗೆಯನ್ನು ಆರಿಸಿದರೆ ಅರ್ಧ ಚಿಂತೆ ನೀಗಿದಂತೆ. ಸರಗಳನ್ನು ಚೀಟಿಯ ಎರಡು ಕಡೆಯೂ ಕಚ್ಚು ಮಾಡಿ ಸಿಕ್ಕಿಸದಿದ್ದರೆ, ತಲುಪಿದಾಗ ಬಿಡಿಸಲಾಗದ ಗಂಟು. ಗಾಜಿನ ಬಳೆಗಳಿಗೆ ಮಲಾರದ ಮಾರ್ಗವೇ ಸರಿ: ಕಾಗದದ ಸುರುಳಿಗೆ ಒತ್ತಾಗಿ ಏರಿಸಿ, ಎರಡು ತುದಿಗಳಲ್ಲಿಯೂ ಬಿಗಿಯಬೇಕು. ಹಳೆಯ ದಿನಪತ್ರಿಕೆಯನ್ನು ಮೂಲೆ ತುಂಬಲು ಬಳಸಬಹುದು, ಆದರೆ ಅದರ ಮಸಿ ರೇಷ್ಮೆದಾರಕ್ಕೂ ಬಿಳಿಯ ಮುತ್ತಿಗೂ ಹತ್ತಕೂಡದು.

ಬೆಳ್ಳಿಯ ಮಾತು ಬೇರೆ. ಕಂದು ರಟ್ಟಿನಲ್ಲಿ ಗಂಧಕದ ಅಂಶ ಅಲ್ಪವಾಗಿಯಾದರೂ ಉಳಿದಿರಬಹುದು. ಬೆಳ್ಳಿ ಕಪ್ಪಾಗುವುದಕ್ಕೆ ಅದು ಸಾಕು. ಆದ್ದರಿಂದ ಬೆಳ್ಳಿಯನ್ನೂ ಬೆಳ್ಳಿಯ ಮುಲಾಮಿನ ಒಡವೆಯನ್ನೂ ಬಾಯಿ ಮುಚ್ಚುವ ಪ್ಲಾಸ್ಟಿಕ್ ಚೀಲದೊಳಗಿಟ್ಟು, ಸಿಲಿಕಾ ಜೆಲ್ಲಿನ ಪುಟ್ಟ ಪೊಟ್ಟಣವನ್ನು ಜೊತೆಗೆ ಹಾಕಿ, ಅನಂತರ ಪೆಟ್ಟಿಗೆಗೆ ಇಳಿಸತಕ್ಕದ್ದು.

ಮಳೆಗಾಲದಲ್ಲಿ ಮಂಗಳೂರಿಗೋ ಆಗುಂಬೆಯ ಕಡೆಗೋ ಹೋಗುವ ಪಾರ್ಸೆಲ್ಲಿನ ಪಾಡನ್ನು ನೆನೆದರೆ, ರಟ್ಟು ಎಷ್ಟಾದರೂ ಕಾಗದವೇ ಎಂಬುದು ಅರಿವಾಗುತ್ತದೆ. ಗಾಳಿಯ ಆರ್ದ್ರತೆ ಶೇಕಡ 50ರಿಂದ 90ಕ್ಕೆ ಏರಿದಾಗ ಪೆಟ್ಟಿಗೆಯ ಭಾರ ತಾಳುವ ಶಕ್ತಿ ಹೆಚ್ಚುಕಡಮೆ ಅರ್ಧಕ್ಕೆ ಇಳಿಯುತ್ತದೆ. ಇದಕ್ಕೆ ಮಳೆಯಲ್ಲಿ ನೆನೆಯಲೇಬೇಕೆಂದಿಲ್ಲ, ತೇವದ ಗಾಳಿಯಲ್ಲಿ ಕೆಲವು ದಿನ ಕುಳಿತರೆ ಸಾಕು. ಹೊರಗಿನ ಪ್ಲಾಸ್ಟಿಕ್ ಕವರು ನೀರ ಹನಿಯನ್ನು ತಡೆಯುತ್ತದೆ. ಆದರೆ ಸಿಮೆಂಟು ನೆಲದ ಮೇಲೆ, ಗೋಡೆಗೆ ಒರಗಿಸಿ, ತಿಂಗಳಾನುಗಟ್ಟಲೆ ಇಟ್ಟ ಖಾಲಿ ಪೆಟ್ಟಿಗೆಗಳು ಮನೆಯಿಂದ ಹೊರಡುವ ಮೊದಲೇ ಸೋತಿರುತ್ತವೆ. ಅವಕ್ಕೊಂದು ಮರದ ಹಲಗೆಯ ಆಸರೆ ಬೇಕು.

‘ಒಡೆಯುವ ವಸ್ತು, ಎಚ್ಚರಿಕೆ’ ಎಂಬ ಕೆಂಪು ಚೀಟಿಯಲ್ಲಿ ನನಗೆ ಅಷ್ಟು ನಂಬಿಕೆಯಿಲ್ಲ. ವಿಂಗಡಣೆಯ ಯಂತ್ರಪಟ್ಟಿಗೆ ಓದು ಬಾರದು. ಗೋಣಿಚೀಲದಲ್ಲಿ ಮೇಲೆ ಕೂತ ಅಡಿಗೆಯ ಪಾತ್ರೆಗೂ ಬಾರದು. ಅದರ ಬದಲು, ಸರಕನ್ನು ಮಾರಾಟಕ್ಕಿಡುವ ಮೊದಲು ಒಂದು ಪರೀಕ್ಷೆ ನಡೆಸಬಹುದು. ಸಾಗಣೆಯ ಪರೀಕ್ಷೆಗಳಿಗೆ ಅಂತರರಾಷ್ಟ್ರೀಯ ಸಂಸ್ಥೆಯೊಂದು ರೂಪಿಸಿದ ವಿಧಾನದಲ್ಲಿ, ಹಗುರವಾದ ಪೆಟ್ಟಿಗೆಯನ್ನು 76 ಸೆಂಟಿಮೀಟರ್ ಎತ್ತರದಿಂದ ಹತ್ತು ಸಲ ಬೀಳಿಸುತ್ತಾರೆ: ಒಂದು ಮೂಲೆಯ ಮೇಲೆ, ಆ ಮೂಲೆಯಿಂದ ಹೊರಡುವ ಮೂರು ಅಂಚುಗಳ ಮೇಲೆ, ಆಮೇಲೆ ಆರು ಮುಖಗಳ ಮೇಲೆ. ಊಟದ ಮೇಜಿನ ಎತ್ತರ ಇದಕ್ಕೆ ಸರಿಸುಮಾರು ಸಮವಾಗಿರುವುದರಿಂದ ಬೇರೆ ಉಪಕರಣ ಬೇಕಿಲ್ಲ. ಬೀಳಿಸುವ ಮುನ್ನ ಪೆಟ್ಟಿಗೆಯನ್ನು ಕಿವಿಯ ಬಳಿ ಅಲ್ಲಾಡಿಸಿ ನೋಡಿ. ಒಳಗೆ ಸದ್ದಾದರೆ ಬೀಳಿಸುವ ಶ್ರಮವೂ ಬೇಡ, ಬಿಚ್ಚಿ ಮತ್ತೆ ಕಟ್ಟಿ. ಹತ್ತೂ ಸಲ ಬಿದ್ದಮೇಲೆ ತೆರೆದಾಗ ಪೆಟ್ಟಿಗೆಯ ಮೂಲೆ ಜಜ್ಜಿಹೋಗಿದ್ದು ಜುಮುಕಿ ನೆಟ್ಟಗಿದ್ದರೆ, ಪೆಟ್ಟಿಗೆ ತನ್ನ ಕೆಲಸ ಮಾಡಿದೆ. ಪೆಟ್ಟಿಗೆ ಹೊಚ್ಚಹೊಸದರಂತೆ ಉಳಿದು ಕೊಂಡಿ ಮುರಿದಿದ್ದರೆ, ಇನ್ನೂ ದಪ್ಪ ರಟ್ಟನ್ನು ತರಲು ಅಂಗಡಿಗೆ ಓಡದೆ, ಮೊದಲು ಒಂದು ಅಳತೆ ಚಿಕ್ಕದಾದ ಪೆಟ್ಟಿಗೆಯಲ್ಲಿ ಅದೇ ಜುಮುಕಿಯನ್ನು ಕೂರಿಸಿ ನೋಡಬೇಕು.