ಸ್ವಂತ ಅಭಿಮಾನಿಗಳೇ 'ಬೂ' ಅಂದ್ರೆ ಆಟಗಾರನಿಗೆ ಏನಾಗುತ್ತೆ?

ಎದುರಾಳಿ ಮೈದಾನದಲ್ಲಿ ಬೈಸಿಕೊಳ್ಳೋದು ಫುಟ್‌ಬಾಲ್ ಆಟಗಾರರಿಗೆ ಹೊಸದೇನಲ್ಲ. ಮನಸ್ಸು ಗಟ್ಟಿ ಮಾಡ್ಕೊಂಡೇ ಹೋಗಿರ್ತಾರೆ. ಆದರೆ ತನ್ನದೇ ತಂಡದ ಜೆರ್ಸಿ ಹಾಕ್ಕೊಂಡು ಬಂದ ಜನ ತಿರುಗಿಬಿದ್ದರೆ?

2019ರ ಅಕ್ಟೋಬರ್ 27, ಲಂಡನ್‌ನ ಎಮಿರೇಟ್ಸ್ ಸ್ಟೇಡಿಯಂ. ಕ್ರಿಸ್ಟಲ್ ಪ್ಯಾಲೇಸ್ ವಿರುದ್ಧ 2–0 ಮುಂದಿದ್ದ ಆರ್ಸೆನಲ್, 2–2ಕ್ಕೆ ಬಂದು ನಿಂತಿತ್ತು. 61ನೇ ನಿಮಿಷದಲ್ಲಿ ನಾಯಕ ಗ್ರಾನಿಟ್ ಜಾಕಾ ಅವರನ್ನು ಹೊರಗೆ ಕರೆದರು. ಗ್ಯಾಲರಿಯಲ್ಲಿ ಖುಷಿಯ ಕೂಗು! ಜಾಕಾ ನಿಧಾನಕ್ಕೆ ನಡೆದರು, 'ಬೂ' ಜೋರಾಯ್ತು. ಇನ್ನೂ ಕೂಗಿ ಅನ್ನೋ ಹಾಗೆ ಅವರು ಕೈ ಬೀಸಿದರು, ಕಿವಿಗೆ ಕೈ ಇಟ್ಟರು, ಜೆರ್ಸಿ ಕಳಚಿ ನೇರವಾಗಿ ಒಳಗೆ ಹೋಗಿಬಿಟ್ಟರು. ಕೆಲವೇ ದಿನಗಳಲ್ಲಿ ನಾಯಕತ್ವವೂ ಹೋಯಿತು.

ಆಮೇಲೆ ಇನ್‌ಸ್ಟಾಗ್ರಾಂನಲ್ಲಿ ಅವರು ಬರೆದಿದ್ದು ಓದಿದರೆ ಚಿತ್ರವೇ ಬೇರೆ. ಹೆಂಡತಿ, ಪುಟ್ಟ ಮಗಳನ್ನೂ ಬಿಡದ ಹಾಗೆ ಕೆಟ್ಟ ಮಾತುಗಳು ವಾರಗಟ್ಟಲೆ, ತಿಂಗಳುಗಟ್ಟಲೆ ಬರ್ತಾನೇ ಇದ್ದವು. ಅಂದ್ರೆ ಗ್ಯಾಲರಿ ಸ್ಟೇಡಿಯಂನಲ್ಲಿ ಮಾತ್ರ ಇರಲ್ಲ, ಫೋನ್‌ನಲ್ಲೂ ಇರುತ್ತೆ.

ಸರಿ, ಈ ಕೂಗು ಆಟವನ್ನ ಹೇಗೆ ಕೆಡಿಸುತ್ತೆ? ಮಿಡ್‌ಫೀಲ್ಡರ್‌ಗೆ ಯೋಚಿಸೋಕೆ ಸಿಗೋದು ಒಂದೆರಡು ಕ್ಷಣ. ಸಾವಿರಾರು ಸಲ ಅಭ್ಯಾಸ ಮಾಡಿದ ಪಾಸ್ ಕಾಲಿಂದ ತಾನಾಗೇ ಹೋಗಬೇಕು. 'ಇದೂ ತಪ್ಪಿದರೆ ಕೂಗ್ತಾರೆ' ಅನ್ನೋ ಯೋಚನೆ ನಡುವೆ ನುಗ್ಗಿದರೆ, ಗಮನ ಆಟ ಬಿಟ್ಟು ತನ್ನ ಕಾಲಿನ ಮೇಲೆ ಹೋಗುತ್ತೆ. ಮೆಟ್ಟಿಲು ಇಳಿಯುವಾಗ ಒಂದೊಂದು ಹೆಜ್ಜೆಯನ್ನೂ ಯೋಚಿಸಿ ಇಟ್ಟು ನೋಡಿ, ಅಲ್ಲೇ ತಡವರಿಸ್ತೀರಿ. ಇದನ್ನೇ 'ಚೋಕಿಂಗ್' ಅನ್ನೋದು. ಅಮೆರಿಕದ ಮನಶ್ಶಾಸ್ತ್ರಜ್ಞ ರಾಯ್ ಬಾಮೈಸ್ಟರ್ 1984ರಲ್ಲೇ ಇದನ್ನು ವಿವರಿಸಿದ್ದರು.

ನನ್ನ ಪ್ರಕಾರ ಇದಕ್ಕಿಂತ ಅಪಾಯದ್ದು ಇನ್ನೊಂದಿದೆ, ಅದು ಟಿವಿಯಲ್ಲಿ ಸುಲಭಕ್ಕೆ ಕಾಣಲ್ಲ. ಆಟಗಾರ ರಿಸ್ಕ್ ತಗೊಳ್ಳೋದನ್ನೇ ಬಿಡ್ತಾನೆ. ಮುಂದಕ್ಕೆ ಹೋಗಬೇಕಾದ ಪಾಸ್ ಪಕ್ಕಕ್ಕೋ ಹಿಂದಕ್ಕೋ ಹೋಗುತ್ತೆ. ಕೆಲವರಂತೂ ಚೆಂಡು ತಮಗೆ ಬರದ ಜಾಗ ನೋಡಿ ನಿಲ್ತಾರೆ. ಲೆಕ್ಕದಲ್ಲಿ ಪಾಸ್ ಎಲ್ಲ ಸರಿ, ತಂಡ ಮಾತ್ರ ಇದ್ದಲ್ಲೇ ಇರುತ್ತೆ. ಅದಕ್ಕೆ ಮತ್ತೆ 'ಬೂ'.

ಹಾಗಂತ ಜನ ಇಲ್ಲದಿದ್ದರೆ ಒಳ್ಳೇದಾ? ಕೋವಿಡ್‌ನಿಂದ ಬಹುತೇಕ ಖಾಲಿ ಸ್ಟೇಡಿಯಂನಲ್ಲೇ ನಡೆದ 2020–21ರ ಪ್ರೀಮಿಯರ್ ಲೀಗ್‌ನಲ್ಲಿ, ತವರು ತಂಡಗಳಿಗಿಂತ ಹೊರಗಿಂದ ಬಂದ ತಂಡಗಳೇ ಹೆಚ್ಚು ಪಂದ್ಯ ಗೆದ್ದವು. ತವರಿನ ಜನ ಅಷ್ಟು ದೊಡ್ಡ ಬಲ. ಅದೇ ಬಲ ಒಳಮುಖವಾಗಿ ತಿರುಗಿದಾಗ ತಡೆಯೋದು ಕಷ್ಟ.

ಆದರೂ ಎಲ್ಲರೂ ಮುರಿದುಬೀಳಲ್ಲ. ಕ್ಲಬ್ ಬಿಡಲು ಹೊರಟಿದ್ದ ಜಾಕಾರನ್ನು ಹೊಸ ಕೋಚ್ ಮಿಕೆಲ್ ಆರ್ಟೆಟಾ ಮಾತಾಡಿ ಉಳಿಸಿಕೊಂಡರು. 2022–23ರಲ್ಲಿ ಅವರನ್ನು ಇನ್ನೂ ಮುಂದಕ್ಕೆ, ಗೋಲ್ ಹತ್ತಿರ ಆಡಿಸಿದರು. ಆ ಸೀಸನ್‌ನ ಕೊನೆಯ ಪಂದ್ಯದಲ್ಲಿ ವುಲ್ವ್ಸ್ ವಿರುದ್ಧ ಆರ್ಸೆನಲ್ 5–0ಯಿಂದ ಗೆದ್ದಾಗ ಎರಡು ಗೋಲ್ ಜಾಕಾ ಅವರದ್ದು. ಅದೇ ಎಮಿರೇಟ್ಸ್ ಗ್ಯಾಲರಿ, ಹೋಗಬೇಡ ಅಂತ ಅವರ ಹೆಸರು ಹಿಡಿದು ಹಾಡ್ತಿತ್ತು. ಅವರು ಹೋದರು. ಮರುವರ್ಷ ಲೆವರ್‌ಕುಸೆನ್ ಪರ ಆಡಿ, ಒಂದೂ ಪಂದ್ಯ ಸೋಲದೆ ಬುಂಡೆಸ್‌ಲಿಗಾ ಗೆದ್ದರು.